ದಾಸವಾಳದ ಪಟ್ಟಿ ಎಲ್ಲದಕ್ಕೂ ಹಸಿರು, ಅರಿಶಿಣ ಅಡುಗೆ ಸೋಡಾಕ್ಕೆ ಕೆಂಪಾಗ್ತಿಲ್ಲ: ಕಾರಣ ಏನು?

ಸೇಡಂ_ವಿಜ್ಞಾನ
ಪ್ರೌಢಶಾಲೆ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ನೈಸರ್ಗಿಕ ಸೂಚಕಗಳ (ಆಮ್ಲ, ಪ್ರತ್ಯಾಮ್ಲಕ್ಕೆ ಬಣ್ಣ ಬದಲಿಸುವ ಸಸ್ಯ ರಸಗಳ) ತಯಾರಿ ನಡೆದಿದೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದೆ.

ಒಂದು, ದಾಸವಾಳ. ಒಂಟಿ ಸುತ್ತಿನ ಕೆಂಪು ಹೂ 8, ತೊಟ್ಟು ಸಮೇತ. 200 ಮಿ.ಲೀ. ಬೋರ್ ನೀರು, ಅಲ್ಯೂಮಿನಿಯಂ ಪಾತ್ರೆ, 20 ನಿಮಿಷ ಕುದಿಸಿ ಸೋಸಿದ್ದು. ಅದರಲ್ಲಿ ಎ4 ಹಾಳೆಯ ಪಟ್ಟಿಗಳನ್ನು ಅದ್ದಿ ಒಣಗಿಸಿದರೆ ಪಟ್ಟಿ ಮೊದಲೇ ಬೂದು ಮಿಶ್ರಿತ ನೀಲಿ. ನಿಂಬೆರಸಕ್ಕೆ ಮಾತ್ರ ಸ್ವಲ್ಪ ಗುಲಾಬಿ ಬರುತ್ತದೆ. ಉಪ್ಪಿನ ನೀರು, ಸಕ್ಕರೆ ನೀರು, ಸೋಪಿನ ನೀರು ಎಲ್ಲಕ್ಕೂ ಹಸಿರುಗಪ್ಪು. ಉಪ್ಪು, ಸಕ್ಕರೆ ತಟಸ್ಥ ಅಂತ ಪಾಠದಲ್ಲಿ ಹೇಳಿ ಪಟ್ಟಿ ಹಸಿರಾದರೆ ಮಕ್ಕಳಿಗೆ ಏನು ಹೇಳುವುದು?

ಎರಡು, ಅರಿಶಿಣ. ವಾಷಿಂಗ್ ಸೋಡಾಕ್ಕೆ ಚೆನ್ನಾಗಿ ಕೆಂಪಾಗುತ್ತದೆ. ಅಡುಗೆ ಸೋಡಾಕ್ಕೆ ಹಳದಿಯೇ ಉಳಿಯುತ್ತದೆ, ಕೆಲವೊಮ್ಮೆ ಕಿತ್ತಳೆ ಛಾಯೆ ಅಷ್ಟೆ. ಎರಡೂ ಪ್ರತ್ಯಾಮ್ಲೀಯ ತಾನೇ?

ಬೀದರ್_ರಸಾಯನ
ಮೇಡಂ, ಹೂವಿನಲ್ಲಿ ದೋಷವಿಲ್ಲ. ನೀರು, ಪಾತ್ರೆ, ಕಾಗದ ಈ ಮೂರೂ ಸೇರಿ ಬಣ್ಣವನ್ನು ಒಂದೇ ಕಡೆಗೆ ಎಳೆದಿವೆ.

ಕಾಗದದಿಂದ ಶುರು ಮಾಡೋಣ. ಈಗಿನ ಬರೆಯುವ, ಪ್ರಿಂಟ್ ತೆಗೆಯುವ ಹಾಳೆಗಳಲ್ಲಿ ಬಿಳುಪಿಗೆಂದು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತುಂಬಿರುತ್ತಾರೆ. ಅಂದರೆ ಹಾಳೆಯೇ ಪ್ರತ್ಯಾಮ್ಲೀಯ. ದಾಸವಾಳದ ರಸ ಅದರ ಮೇಲೆ ಬಿದ್ದ ಕೂಡಲೇ ನೀಲಿ, ಹಸಿರಿಗೆ ತಿರುಗುತ್ತದೆ. ನೀವು ಪರೀಕ್ಷೆ ಮಾಡುವ ಮೊದಲೇ ಕಾಗದ ಪರೀಕ್ಷೆ ಮುಗಿಸಿರುತ್ತದೆ. ಪ್ರಯೋಗಾಲಯದ ಫಿಲ್ಟರ್ ಕಾಗದ ತೊಗೊಳ್ಳಿ. ಅದು ಸಿಗದಿದ್ದರೆ ಕೈಗೆ ಸಿಕ್ಕ ಪ್ರತಿ ಕಾಗದದ ಮೂಲೆಗೆ ಒಂದು ಹನಿ ತಾಜಾ ರಸ ಬಿಟ್ಟು ಒಣಗಿಸಿ ನೋಡಿ. ರಸದ ಬಣ್ಣವೇ ಉಳಿದರೆ ಕಾಗದ ನಡೆಯುತ್ತದೆ, ನೀಲಿ ತಿರುಗಿದರೆ ಬೇಡ. ಸೋಪಿನಲ್ಲಿ ಒಗೆದ ಬಿಳಿ ಬಟ್ಟೆಯಲ್ಲೂ ಇದೇ ತೊಂದರೆ. ನೂಲಿನಲ್ಲಿ ಸೋಪಿನ ಅಂಶ ಉಳಿದಿರುತ್ತದೆ.

ಪಾತ್ರೆ ಸ್ಟೀಲಿನದು ಅಥವಾ ಗಾಜಿನದು ಇರಲಿ. ದಾಸವಾಳದ ಕೆಂಪು ಸಯನಿಡಿನ್ ಎಂಬ ಆಂಥೋಸಯನಿನ್ ಗುಂಪಿನ ವರ್ಣಕ. ಅದರ ಅಣುವಿನಲ್ಲಿ ಅಕ್ಕಪಕ್ಕ ಇರುವ ಎರಡು ಹೈಡ್ರಾಕ್ಸಿಲ್‌ಗಳು ಅಲ್ಯೂಮಿನಿಯಂ, ಕಬ್ಬಿಣದ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ. ಆಗ ಬಣ್ಣ ನೇರಳೆ, ನೀಲಿ ಕಡೆ ಸರಿಯುತ್ತದೆ. ಇದಕ್ಕೂ ಆಮ್ಲ, ಪ್ರತ್ಯಾಮ್ಲಕ್ಕೂ ಸಂಬಂಧವಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಹೂವಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಶಾಯಿಯಂತೆ ಕಪ್ಪಾಗುತ್ತದೆ.

ಯರೆಭೂಮಿ
ಮೇಡಂ, ಬೋರಿನ ನೀರು ಬಿಟ್ಟುಬಿಡ್ರಿ. ನಮ್ಮ ಸೇಡಂ, ಚಿತ್ತಾಪುರ, ಶಹಾಬಾದ್ ಕಡಿ ಕೆಳಗೆಲ್ಲಾ ಸುಣ್ಣದ ಕಲ್ಲೇ ಅದ. ನೀರಿನ್ಯಾಗ ಬೈಕಾರ್ಬೊನೇಟ್ ಭಾಳ ಇರ್ತದ. ತಣ್ಣಗಿದ್ದಾಗ ಅಂಥಾ ನೀರಿನ ಪಿಎಚ್ (ಏಳು ಅಂದ್ರ ತಟಸ್ಥ, ಅದರ ಕೆಳಗ ಆಮ್ಲ, ಮ್ಯಾಲ ಪ್ರತ್ಯಾಮ್ಲ) ಏಳೂವರೆ ಆಸುಪಾಸು ಇರಬಹುದು. ಕುದಿಸಿದ್ರ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕಾರ್ಬೊನೇಟ್ ಆಗ್ತದ, ಪಿಎಚ್ ಇನ್ನೂ ಏರ್ತದ. ಪಾತ್ರಿ ತಳಕ್ಕ ಬೆಳ್ಳಗ ಕೂಡ್ತದಲ್ಲಾ, ಅದು ಇದೇ ಕಾರಣಕ್ಕ. ಅಂದ್ರ 20 ನಿಮಿಷ ಕುದಿಸಿದಷ್ಟೂ ನೀವು ಹೂವಿನ ರಸಕ್ಕ ಪ್ರತ್ಯಾಮ್ಲ ಸೇರಿಸಿಕೋತ ಹೋದಂಗಾತು.

ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು ತರ್ರಿ. ಇಲ್ಲಾಂದ್ರ ಆರ್‌ಒ ಫಿಲ್ಟರ್ ನೀರು. ಸ್ವಚ್ಛ ಡಬ್ಬಿ ಇಟ್ಟು ಹಿಡಿದ ಮಳಿ ನೀರೂ ನಡಿತದ, ಸಿಮೆಂಟ್ ಮಾಳಿಗಿ ಮ್ಯಾಲಿಂದ ಹರಿದದ್ದು ಮಾತ್ರ ಬ್ಯಾಡ. ಉಪ್ಪು, ಸಕ್ಕರಿ ಕರಗಸಾಕೂ ಅದೇ ನೀರು ಬಳಸ್ರಿ. ನಿಮ್ಮ ಪಟ್ಟಿ ಉಪ್ಪಿಗಿ ಹಸಿರಾಗಿಲ್ಲ, ಉಪ್ಪು ಕರಗಿಸಿದ ನೀರಿಗಿ ಆಗ್ಯದ.

ಬೀದರ್_ರಸಾಯನ
ಸರಿಯಾಗಿ ಹೇಳಿದಿರಿ ಸರ್. ಅದಕ್ಕೇ ಉಪ್ಪು, ಸಕ್ಕರೆ ಏನೂ ಬೆರೆಸದ ಬರೀ ನೀರಿಗೂ ಅಷ್ಟೇ ರಸ ಹಾಕಿ ಒಂದು ನಳಿಕೆಯಲ್ಲಿ ಯಾವಾಗಲೂ ಇಟ್ಟಿರಬೇಕು. ಉಳಿದ ನಳಿಕೆಗಳ ಬಣ್ಣವನ್ನು ಅದರ ಪಕ್ಕ ಹಿಡಿದೇ ಓದಬೇಕು.

ದಾಸವಾಳದ ರಸಕ್ಕೆ ನಾನು ಹೇಳುವ ಅಳತೆ ಇದು. ಆರು ಹೂಗಳ ಎಸಳು ಮಾತ್ರ. ಹಸಿರು ತೊಟ್ಟು, ನಡುವಿನ ಪರಾಗದ ಕಡ್ಡಿ ತೆಗೆದುಹಾಕಿ. ಇವು ಬರೀ ಹಸಿರು, ಹಳದಿ ಬಣ್ಣ ಕೊಟ್ಟು ಫಲಿತಾಂಶ ಕೆಡಿಸುತ್ತವೆ. 100 ಮಿ.ಲೀ. ಡಿಸ್ಟಿಲ್ಡ್ ನೀರು ಕುದಿಸಿ ಒಲೆಯಿಂದ ಇಳಿಸಿ, ಎರಡು ನಿಮಿಷ ಬಿಟ್ಟು ಎಸಳು ಹಾಕಿ ಮುಚ್ಚಿ. ಹತ್ತು ನಿಮಿಷದಲ್ಲಿ ಎಸಳು ಬಿಳಿಚಿಕೊಳ್ಳುತ್ತದೆ, ನೀರು ನೇರಳೆ ಮಿಶ್ರಿತ ಕೆಂಪಾಗುತ್ತದೆ. ಅಷ್ಟು ಸಾಕು. ಹೆಚ್ಚು ಕುದಿಸಿದರೆ ವರ್ಣಕವೇ ಒಡೆದು ಕಂದು ತಿರುಗುತ್ತದೆ.

ಸೋಸುವಾಗ ಹಿಂಡಬೇಡಿ. ದಾಸವಾಳದಲ್ಲಿ ಲೋಳೆ ಜಾಸ್ತಿ. ಹಿಂಡಿದರೆ ಅದೆಲ್ಲ ಇಳಿದು ರಸ ಎಳೆ ಎಳೆಯಾಗಿ, ಡ್ರಾಪರಿನಿಂದ ಹನಿಯೇ ಬೀಳುವುದಿಲ್ಲ. ಹಾಗೂ ಲೋಳೆ ಬಂದರೆ ರಸದ ಕಾಲು ಭಾಗದಷ್ಟು ಸರ್ಜಿಕಲ್ ಸ್ಪಿರಿಟ್ ಬೆರೆಸಿ ಅರ್ಧ ಗಂಟೆ ಬಿಡಿ. ಒಂದಷ್ಟು ಲೋಳೆ ಮುದ್ದೆಯಾಗಿ ಬೇರೆಯಾಗುತ್ತದೆ, ಮೇಲಿನ ತಿಳಿ ತೊಗೊಳ್ಳಿ. ಸ್ಪಿರಿಟ್ ಬೆರೆತ ಮೇಲೆ ಒಲೆಯ ಹತ್ತಿರ ಒಯ್ಯಬಾರದು. ಸ್ಪಿರಿಟ್ ಇಲ್ಲದ ರಸ ಫ್ರಿಜ್ಜಿನಲ್ಲೂ ಎರಡು ಮೂರು ದಿನಕ್ಕೆ ಹುಳಿತು ಬೂಸು ಹಿಡಿಯುತ್ತದೆ. ಹುಳಿತ ರಸ ತಾನೇ ಆಮ್ಲೀಯವಾಗಿ ಗುಲಾಬಿ ತೋರಿಸುವುದರಿಂದ ವಾಸನೆ ನೋಡಿಯೇ ಬಳಸಿ.

ಪಟ್ಟಿಗೆ ಫಿಲ್ಟರ್ ಕಾಗದವನ್ನು ಮೂರು ಸಲ ಅದ್ದಿ, ಪ್ರತಿ ಸಲ ನೆರಳಲ್ಲಿ ಒಣಗಿಸಿ. ದ್ರಾವಣ ಪರೀಕ್ಷೆಗಾದರೆ 5 ಮಿ.ಲೀ.ಗೆ ಹತ್ತು ಹನಿ ರಸ.

ಹುಮನಾಬಾದ್_ಲ್ಯಾಬ್
ಅರಿಶಿಣದ ಪ್ರಶ್ನೆಗೆ ಉತ್ತರ. ಅರಿಶಿಣದ ಕರ್ಕ್ಯುಮಿನ್ ಸುಮಾರು 7.4ರ ಪಿಎಚ್‌ವರೆಗೆ ಹಳದಿ, 8.6 ದಾಟಿದ ಮೇಲೆ ಕೆಂಗಂದು. ನಡುವೆ ಕಿತ್ತಳೆ. ಅಡುಗೆ ಸೋಡಾದ ದ್ರಾವಣದ ಪಿಎಚ್ ಸುಮಾರು 8.3. ಸರಿಯಾಗಿ ಹೊಸ್ತಿಲ ಮೇಲೆ ನಿಂತಿದೆ. ವಾಷಿಂಗ್ ಸೋಡಾ 11 ದಾಟುತ್ತದೆ, ಅದಕ್ಕೇ ಕ್ಷಣದಲ್ಲಿ ಕೆಂಪು. ಎರಡೂ ಪ್ರತ್ಯಾಮ್ಲೀಯವೇ. ಆದರೆ ಪ್ರತಿ ಸೂಚಕಕ್ಕೂ ತನ್ನದೇ ತಿರುವು ಇರುತ್ತದೆ. ಅದು ಯಾವಾಗಲೂ 7ರಲ್ಲೇ ಇರಬೇಕೆಂದಿಲ್ಲ.

ಇದನ್ನೇ ಪ್ರದರ್ಶನಕ್ಕೆ ಇಡಿ ಮೇಡಂ, ಬಹಳ ಚೆನ್ನಾಗಿ ಕಾಣುತ್ತದೆ. ಒಂದು ಚಮಚ ಅಡುಗೆ ಸೋಡಾ 100 ಮಿ.ಲೀ. ತಣ್ಣೀರಿನಲ್ಲಿ ಕರಗಿಸಿ, ಅರ್ಧವನ್ನು ತೆಗೆದಿಡಿ. ಉಳಿದರ್ಧವನ್ನು ಹತ್ತು ನಿಮಿಷ ಕುದಿಸಿ ಆರಿಸಿ. ಎರಡಕ್ಕೂ ಅರಿಶಿಣದ ಪಟ್ಟಿ ಮುಟ್ಟಿಸಿ. ತಣ್ಣೀರಿನದಕ್ಕೆ ಮಂಕು ಕಿತ್ತಳೆ, ಕುದಿಸಿದ್ದಕ್ಕೆ ಇಟ್ಟಿಗೆ ಕೆಂಪು. ಅಡುಗೆ ಸೋಡಾದ ಬೈಕಾರ್ಬೊನೇಟ್ ಒಡೆದು ವಾಷಿಂಗ್ ಸೋಡಾದಲ್ಲಿರುವ ಕಾರ್ಬೊನೇಟ್ ಆಗಿರುತ್ತದೆ. ಯರೆಭೂಮಿ ಸರ್ ಬೋರ್ ನೀರಿಗೆ ಹೇಳಿದ್ದು ಇದೇ ಕ್ರಿಯೆ. ಹಳೇ, ತೇವ ಹಿಡಿದ ಸೋಡಾ ಪೊಟ್ಟಣ ಬೇಡ. ಅದರಲ್ಲಿ ಮೊದಲೇ ಒಂದಷ್ಟು ಕಾರ್ಬೊನೇಟ್ ಆಗಿದ್ದರೆ ತಣ್ಣೀರಿನದೂ ಕೆಂಪಾಗಿಬಿಡುತ್ತದೆ.

ಕರ್ಕ್ಯುಮಿನ್ ನೀರಲ್ಲಿ ಹೆಚ್ಚೂಕಡಿಮೆ ಕರಗುವುದೇ ಇಲ್ಲ. ನೀರಲ್ಲಿ ಕಲಸಿದರೆ ಕಾಗದದ ಮೇಲೆ ಪುಡಿ ಕೂತು ತೇಪೆ ತೇಪೆಯಾಗುತ್ತದೆ. ಒಂದು ಚಮಚ ಅರಿಶಿಣ ಪುಡಿಗೆ 50 ಮಿ.ಲೀ. ಸ್ಪಿರಿಟ್ ಹಾಕಿ ಹತ್ತು ನಿಮಿಷ ಬಿಟ್ಟು ಸೋಸಿ, ಆ ತಿಳಿಯಲ್ಲಿ ಅದ್ದಿ. ಒಣಗಿದ ಪಟ್ಟಿಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬಿಸಿಲು ಬಿದ್ದರೆ ಕರ್ಕ್ಯುಮಿನ್ ಬಣ್ಣಗೆಡುತ್ತದೆ. ಬಟ್ಟೆಗೆ ಬಿದ್ದ ಅರಿಶಿಣದ ಕಲೆ ಬಿಸಿಲಿಗೆ ಹಾಕಿದರೆ ಹೋಗುವುದು ಇದರಿಂದಲೇ.

ಆಮ್ಲ ಗುರುತಿಸಲು ಅರಿಶಿಣ ಉಪಯೋಗವಿಲ್ಲ, ಆಮ್ಲಕ್ಕೂ ಹಳದಿ, ತಟಸ್ಥಕ್ಕೂ ಹಳದಿ. ಬೇಕಾದರೆ ಪಟ್ಟಿಯನ್ನು ಸುಣ್ಣದ ತಿಳಿನೀರಿಗೆ ಅದ್ದಿ ಕೆಂಪು ಮಾಡಿ, ಅದಕ್ಕೆ ನಿಂಬೆ ಹನಿ ಬಿಡಿ. ಮತ್ತೆ ಹಳದಿ ಬರುತ್ತದೆ. ಆರತಿ ತಟ್ಟೆಯ ಕೆಂಪು ನೀರು ಅರಿಶಿಣ, ಸುಣ್ಣ ಸೇರಿ ಆದದ್ದೇ. ಕೆಂಪು ಪಟ್ಟಿ ಮಾತ್ರ ಆಗಿಂದಾಗ ಮಾಡಿಕೊಳ್ಳಿ. ಕ್ಷಾರದಲ್ಲಿ (ನೀರಿನಲ್ಲಿ ಕರಗಿದ ಪ್ರತ್ಯಾಮ್ಲದಲ್ಲಿ) ಕರ್ಕ್ಯುಮಿನ್ ನಿಮಿಷಗಳಲ್ಲೇ ಒಡೆಯಲು ಶುರುವಾಗುತ್ತದೆ.

ಸೇಡಂ_ವಿಜ್ಞಾನ
ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ದಾಸವಾಳ ಆಮ್ಲದಲ್ಲಿ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು ಅಂತ ಪುಸ್ತಕದಲ್ಲಿದೆ. ಹೂವಿನಲ್ಲಿ ಇಲ್ಲದ ಹಸಿರು ಎಲ್ಲಿಂದ ಬಂತು? ಮತ್ತೆ, ಎಲ್ಲ ಕಡೆ ನೇರಳೆ ಎಲೆಕೋಸು ಬಳಸಿ ಅಂತಾರೆ. ಅದು ಇಲ್ಲಿನ ಸಂತೆಯಲ್ಲಿ ಸಿಗುವುದು ಕಷ್ಟ. ಬದಲಿಗೆ ಏನು?

ಬೀದರ್_ರಸಾಯನ
ಹಸಿರು ಒಂದೇ ವಸ್ತುವಿನ ಬಣ್ಣವಲ್ಲ. ಆಂಥೋಸಯನಿನ್ ಪಿಎಚ್ ಏರಿದಂತೆ ಹಲವು ರೂಪ ತಾಳುತ್ತದೆ. ಮೂರಕ್ಕಿಂತ ಕೆಳಗೆ ಫ್ಲೇವಿಲಿಯಂ ಅಯಾನು, ಗಾಢ ಕೆಂಪು. ನಾಲ್ಕರಿಂದ ಆರರ ನಡುವೆ ನೀರಿನ ಅಣು ಸೇರಿ ಬಹುಪಾಲು ಬಣ್ಣವಿಲ್ಲದ ರೂಪಕ್ಕೆ ಹೋಗುತ್ತದೆ. ಮಜ್ಜಿಗೆ ತಿಳಿಗೆ ರಸ ಹಾಕಿದಾಗ ಬಣ್ಣ ಪೇಲವವಾದರೆ ರಸ ಕೆಟ್ಟಿದೆ ಅಂದುಕೊಳ್ಳಬೇಡಿ. ಏಳು, ಎಂಟರ ಹತ್ತಿರ ಪ್ರೋಟಾನು ಕಳೆದುಕೊಂಡು ನೇರಳೆ, ನೀಲಿ. ಹತ್ತು ದಾಟಿದ ಮೇಲೆ ಅಣುವಿನ ನಡುವಿನ ಉಂಗುರ ತೆರೆದುಕೊಂಡು ಚಾಲ್ಕೋನ್ ಆಗುತ್ತದೆ, ಅದರ ಬಣ್ಣ ಹಳದಿ. ಜೊತೆಗೆ ಎಸಳಿನಲ್ಲಿರುವ ಇತರ ಫ್ಲೇವನಾಯ್ಡ್‌ಗಳೂ ಕ್ಷಾರದಲ್ಲಿ ಹಳದಿಯಾಗುತ್ತವೆ. ನೀಲಿ, ಹಳದಿ ಬೆರೆತಾಗ ಕಣ್ಣಿಗೆ ಹಸಿರು. ಸುಣ್ಣದ ತಿಳಿನೀರಿನಲ್ಲಿ ನಳಿಕೆಯನ್ನು ಹತ್ತು ನಿಮಿಷ ಬಿಟ್ಟು ನೋಡಿ, ಹಸಿರು ಮೆಲ್ಲಗೆ ಹಳದಿಗೆ ಜಾರುತ್ತದೆ. ಅಲ್ಲಿಂದ ನಿಂಬೆರಸ ಹಿಂಡಿದರೂ ಮೊದಲಿನ ಗುಲಾಬಿ ಪೂರ್ತಿ ಮರಳುವುದಿಲ್ಲ. ಹಸಿರಾದ ಕೂಡಲೇ ಹಿಂಡಿದರೆ ಮರಳುತ್ತದೆ. ಮಕ್ಕಳಿಂದ ಎರಡನ್ನೂ ಮಾಡಿಸಿ.

ಎಲೆಕೋಸಿನ ಬದಲಿಗೆ ಶಂಖಪುಷ್ಪ ಎಲ್ಲಕ್ಕಿಂತ ಒಳ್ಳೇದು. ನೀಲಿ ಬಳ್ಳಿ, ಬೇಲಿ ಮೇಲೆ ಬೆಳೆದಿರುತ್ತದೆ. ಹತ್ತು ಹೂವಿಗೆ 100 ಮಿ.ಲೀ. ಬಿಸಿನೀರು. ಅದರ ವರ್ಣಕದ ಅಣುವಿಗೆ ಹಲವು ಆಮ್ಲ ಗುಂಪುಗಳು ಅಂಟಿಕೊಂಡು ಅದನ್ನು ಕಾಯುತ್ತವೆ. ಹಾಗಾಗಿ ನಡುವಿನ ಪಿಎಚ್‌ನಲ್ಲೂ ದಾಸವಾಳದಂತೆ ಬಣ್ಣ ಕಳೆದುಕೊಳ್ಳುವುದಿಲ್ಲ. ನಿಂಬೆಗೆ ಗುಲಾಬಿ ನೇರಳೆ, ಮಜ್ಜಿಗೆ ತಿಳಿಗೆ ನೇರಳೆ ಛಾಯೆಯ ನೀಲಿ, ಬರೀ ನೀರಿಗೆ ಅಚ್ಚ ನೀಲಿ, ವಾಷಿಂಗ್ ಸೋಡಾಕ್ಕೆ ಹಸಿರು, ಸುಣ್ಣಕ್ಕೆ ಹಸಿರಿನಿಂದ ಹಳದಿ. ಹೂಗಳನ್ನು ನೆರಳಲ್ಲಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ಯರೆಭೂಮಿ
ಕೆಂಪು ಪುಂಡಿ ಕಾಯಿ ಸಿಪ್ಪಿ ಯಾಕ ಬಿಡ್ತೀರಿ? ಪುಂಡಿಪಲ್ಯದ ಎಲಿ ಅಲ್ಲ, ಹೂ ಉದುರಿದ ಮ್ಯಾಲ ಕಾಯಿ ಸುತ್ತ ಕೆಂಪಗ ದಪ್ಪ ಆಗ್ತದಲ್ಲಾ, ಅದು. ಬಣ್ಣ ಭರ್ತಿ ಅದ. ಬದನಿಕಾಯಿ ಸಿಪ್ಪಿನೂ ಆಗ್ತದ, ವರ್ಷಪೂರ್ತಿ ಸಿಗ್ತದ. ಬೀಟ್‌ರೂಟ್ ಅಂತೂ ಎಲ್ಲಾ ಕಡಿ ಅದ.

ಬೀದರ್_ರಸಾಯನ
ಪುಂಡಿ ಬಳಸಬಹುದು ಸರ್, ಆದರೆ ಒಂದು ಎಚ್ಚರಿಕೆ. ಆ ಸಿಪ್ಪೆಯೇ ಬಲು ಹುಳಿ, ಅದರ ರಸದ ಪಿಎಚ್ ಮೂರಕ್ಕಿಂತ ಕೆಳಗಿರುತ್ತದೆ. ಸೋಪಿನ ನೀರಿನಂಥ ಸೌಮ್ಯ ಪ್ರತ್ಯಾಮ್ಲಕ್ಕೆ ಹತ್ತು ಹನಿ ಹಾಕಿದರೆ ರಸದ ಹುಳಿಯೇ ಪ್ರತ್ಯಾಮ್ಲವನ್ನು ನುಂಗಿ ಕೆಂಪು ಉಳಿಯುತ್ತದೆ. ಒಂದೆರಡು ಹನಿಗೆ ಇಳಿಸಿ. ಇಲ್ಲವೇ ರಸಕ್ಕೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿ ನೊರೆ ಇಳಿಸಿ, ನೇರಳೆ ಬಂದ ಕೂಡಲೇ ನಿಲ್ಲಿಸಿ ಆಮೇಲೆ ಬಳಸಿ. ನೇರಳೆ ಹಣ್ಣಿನ ರಸಕ್ಕೂ ಇದೇ ಮಾತು. ಡಿಸ್ಟಿಲ್ಡ್ ನೀರು, ಮಳೆನೀರಿಗಂತೂ ಸೂಚಕ ಆದಷ್ಟು ಕಡಿಮೆ ಇರಲಿ. ಅವುಗಳಲ್ಲಿ ಪಿಎಚ್ ಬದಲಾಗದಂತೆ ತಡೆಯುವ ಶಕ್ತಿ ಇಲ್ಲ, ಸೂಚಕದ ಪಿಎಚ್ಚೇ ನೀರಿನ ಪಿಎಚ್ ಆಗಿಬಿಡುತ್ತದೆ.

ಬದನೆ ಸಿಪ್ಪೆ ಹೆರೆದ ತಕ್ಷಣ ಬಿಸಿನೀರಿಗೆ ಹಾಕಿ. ಗಾಳಿಗೆ ಬಿಟ್ಟರೆ ಅದರ ಕಿಣ್ವ ಕಂದು ಮಾಡುತ್ತದೆ, ಬಿಸಿ ಆ ಕಿಣ್ವವನ್ನು ಕೊಲ್ಲುತ್ತದೆ.

ಬೀಟ್‌ರೂಟ್ ಬೇಡ. ಅದರ ಕೆಂಪು ಆಂಥೋಸಯನಿನ್ ಅಲ್ಲ, ಬೀಟಾನಿನ್. ನಿಂಬೆಯ ಹುಳಿಗೂ ಕೆಂಪು, ಅಡುಗೆ ಸೋಡಾಕ್ಕೂ ಹೆಚ್ಚೂಕಡಿಮೆ ಅದೇ ಕೆಂಪು. 11ರ ಆಚೆ ಹಳದಿಯಾಗುತ್ತದೆ, ಅದೂ ಅಣು ಒಡೆದು. ಕಾಗದದ ಹೂವಿನ ಗಿಡದ ಗುಲಾಬಿ ಎಸಳೂ ಇದೇ ಜಾತಿಯ ವರ್ಣಕ. ಶಾಲೆ ಕಾಂಪೌಂಡಿನ ತುಂಬ ಇರುತ್ತದೆ ಅಂತ ಮಕ್ಕಳು ಅದನ್ನೇ ತರುತ್ತಾರೆ, ಕೆಲಸಕ್ಕೆ ಬರುವುದಿಲ್ಲ. ಇನ್ನು ಕಣಗಿಲೆ ಹೂ ಬಣ್ಣ ಕೊಟ್ಟರೂ ಮುಟ್ಟಿಸಬೇಡಿ. ಇಡೀ ಗಿಡ ವಿಷ.

ಸುರಪುರ_ಹೈಸ್ಕೂಲ್
ಯಾವ ಬಣ್ಣಕ್ಕೆ ಎಷ್ಟು ಪಿಎಚ್ ಅಂತ ಹೋಲಿಸಿ ನೋಡಲು ಮಾಪಕ ಬೇಕಲ್ಲ? ಪಿಎಚ್ ಮೀಟರ್ ಇಲ್ಲದೆ ಹೇಗೆ?

ಹುಮನಾಬಾದ್_ಲ್ಯಾಬ್
ತೂಕದ ಮಾಪನ ಸರಿ ಇದ್ದರೆ ಕೆಲವು ದ್ರಾವಣಗಳ ಪಿಎಚ್ ತಾನಾಗೇ ಖಚಿತ. ಎಲ್ಲಕ್ಕೂ ಡಿಸ್ಟಿಲ್ಡ್ ನೀರು. ಗಂಧಿಗೆ ಅಂಗಡಿಯ ಬಿಳಿಗಾರ (ಬೋರಾಕ್ಸ್) 3.8 ಗ್ರಾಂ ಒಂದು ಲೀಟರಿಗೆ ಕರಗಿಸಿದರೆ 25 ಡಿಗ್ರಿಯಲ್ಲಿ ಪಿಎಚ್ 9.2. ಇದು ಬಫರ್ ಆದ್ದರಿಂದ ಸ್ವಲ್ಪ ಹೆಚ್ಚುಕಡಿಮೆ ಆದರೂ ಅಲುಗಾಡುವುದಿಲ್ಲ. ಅಡುಗೆ ಸೋಡಾ 8.4 ಗ್ರಾಂ ಲೀಟರಿಗೆ, 8.3. ನೀರಿನಂಶ ಇಲ್ಲದ ಸೋಡಿಯಂ ಕಾರ್ಬೊನೇಟ್ 10.6 ಗ್ರಾಂ ಲೀಟರಿಗೆ, 11.6. ಹರಳು ರೂಪದ ವಾಷಿಂಗ್ ಸೋಡಾ ಆದರೆ ಅದರಲ್ಲಿ ನೀರು ಸೇರಿರುವುದರಿಂದ 28.6 ಗ್ರಾಂ ಬೇಕು. ಎಲೆ ಅಡಿಕೆಯ ಸುಣ್ಣ ಒಂದು ಚಮಚ ಒಂದು ಲೀಟರಿಗೆ ಕದಡಿ ರಾತ್ರಿಯಿಡೀ ಮುಚ್ಚಿಟ್ಟು ತೆಗೆದ ತಿಳಿ, 12.4. ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮೇಲೆ ಕೆನೆ ಕಟ್ಟಿ ಪಿಎಚ್ ಇಳಿಯುತ್ತದೆ.

ಆಮ್ಲದ ಕಡೆ ನಿಂಬೆರಸ 2ರಿಂದ 2.5. ಮಜ್ಜಿಗೆ ತಿಳಿ ನಾಲ್ಕೂವರೆ ಆಸುಪಾಸು. ಇನ್ನೂ ಖಚಿತ ಬೇಕಾದರೆ ಕಾಲೇಜು ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಸಿಗುತ್ತದೆ. 10.2 ಗ್ರಾಂ ಲೀಟರಿಗೆ ಅಂದರೆ 4.0.

ಪ್ರತಿಯೊಂದರ 5 ಮಿ.ಲೀ.ಗೂ ಅದೇ ರಸದ ಹತ್ತು ಹನಿ ಹಾಕಿ, ಒಂದೇ ಅಳತೆಯ ನಳಿಕೆಗಳನ್ನು ಬಿಳಿ ಹಾಳೆಯ ಮುಂದೆ ಸಾಲಾಗಿ ನಿಲ್ಲಿಸಿ, ಹಗಲು ಬೆಳಕಿನಲ್ಲಿ ಓದಿ. ಮೊದಲ ಎರಡು ನಿಮಿಷದೊಳಗೆ ಓದಬೇಕು, ಕ್ಷಾರದ ನಳಿಕೆಗಳ ಬಣ್ಣ ನಿಲ್ಲುವುದಿಲ್ಲ. ಹೋಲಿಕೆಯಿಂದ ಸಿಗುವುದು ಇಂಥ ಎರಡು ನಳಿಕೆಗಳ ನಡುವೆ ಎಂಬ ಉತ್ತರ. 8.7 ಎಂದು ದಶಾಂಶದಲ್ಲಿ ಬರೆಯಲು ಹೂವಿನ ರಸ ಸಾಲದು.

ಬಿಳಿಗಾರ, ಸುಣ್ಣ ಎರಡೂ ಬಾಯಿಗೆ, ಕಣ್ಣಿಗೆ ಹೋಗಬಾರದು. ಸುಣ್ಣ ಕದಡುವವರು ಕನ್ನಡಕ ಹಾಕಿಕೊಳ್ಳಲಿ.

ಸುರಪುರ_ಹೈಸ್ಕೂಲ್
ಇದರಿಂದ ಹೊಲದ ಮಣ್ಣು, ಕುಡಿಯುವ ನೀರು ನೋಡಬಹುದೇ? ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಫ್ಲೋರೈಡ್ ಸಮಸ್ಯೆ ಇದೆ.

ಯರೆಭೂಮಿ
ಫ್ಲೋರೈಡ್ ಇದರಾಗ ಕಾಣಂಗಿಲ್ಲ ಸರ್. ದಾಸವಾಳ, ಅರಿಶಿಣ ಹೇಳೋದು ಆಮ್ಲನೋ ಪ್ರತ್ಯಾಮ್ಲನೋ ಅಷ್ಟ. ಬಣ್ಣ ಚಲೋ ಬಂತಂತ ನೀರು ಕುಡಿಯಾಕ ಯೋಗ್ಯ ಅನ್ನಬ್ಯಾಡ್ರಿ. ಫ್ಲೋರೈಡಿಗೆ ಬ್ಯಾರೆ ಪರೀಕ್ಷಾ ಕಿಟ್ ಅದ, ನೀರು ಪರೀಕ್ಷಾ ಪ್ರಯೋಗಾಲಯಕ್ಕ ಮಾದರಿ ಕಳಿಸಬೇಕು.

ಮಣ್ಣು ನೋಡಬಹುದು. 20 ಗ್ರಾಂ ಒಣಗಿಸಿ ಜರಡಿ ಹಿಡಿದ ಮಣ್ಣಿಗೆ 50 ಮಿ.ಲೀ. ಡಿಸ್ಟಿಲ್ಡ್ ನೀರು, ಅಂದ್ರ ಒಂದಕ್ಕ ಎರಡೂವರಿ. ಅರ್ಧ ತಾಸು ಆಗಾಗ ಕದಡಿ ಬಿಡ್ರಿ. ಯರಿ ಮಣ್ಣಿನ ತೊಂದ್ರಿ ಅಂದ್ರ ಜೇಡಿ ಕೆಳಗ ಕೂಡಂಗಿಲ್ಲ, ಕರಿ ರಾಡಿ ಹಂಗೇ ನಿಂತಿರ್ತದ. ಅದಕ್ಕ ರಸ ಹಾಕಿದ್ರ ಬಣ್ಣ ಕಾಣಂಗಿಲ್ಲ. ಮ್ಯಾಲಿನ ನೀರನ್ನ ಫಿಲ್ಟರ್ ಕಾಗದದಾಗ ಎರಡು ಸಲ ಸೋಸಿ, ಆ ತಿಳಿಗೆ ಶಂಖಪುಷ್ಪದ ರಸ ನಾಕೈದು ಹನಿ. ಯರಿ ಭೂಮಿ ಸಾಮಾನ್ಯವಾಗಿ ಏಳೂವರಿಯಿಂದ ಎಂಟೂವರಿ ಇರ್ತದ, ನೀಲಿ ಬರ್ತದ. ಹಸಿರು ಕಡಿ ಹೊಂಟ್ರ ಸವಳು ಇರಬಹುದು, ಮಣ್ಣು ಪರೀಕ್ಷೆಗೆ ಕಳಿಸ್ರಿ. ಬಣ್ಣ ನೋಡಿ ಸವಳು ತಿದ್ದಾಕಂತ ಜಿಪ್ಸಂ ಹಾಕಬ್ಯಾಡ್ರಿ.

ಬೀದರ್_ರಸಾಯನ
ಬೀದರಿನ ಜಂಬಿಟ್ಟಿಗೆ ಕೆಂಪು ಮಣ್ಣಿಗೆ ಇನ್ನೊಂದು ಮಾತು ಸೇರಿಸಬೇಕು. ಅದರಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹೇರಳ. ಮಣ್ಣು ಹುಳಿ ಇದ್ದಾಗ ಅವು ಸ್ವಲ್ಪ ಕರಗಿ ಬಂದು ಹೂವಿನ ವರ್ಣಕವನ್ನು ಹಿಡಿದು ನೀಲಿ ಮಾಡಬಹುದು. ಆಮ್ಲೀಯ ಮಣ್ಣನ್ನು ಪ್ರತ್ಯಾಮ್ಲೀಯ ಎಂದು ಓದುವ ಅಪಾಯ. ಪಟಕದಿಂದ ಇದನ್ನು ತೋರಿಸಬಹುದು. ಪಟಕದ ದ್ರಾವಣ ಆಮ್ಲೀಯ, ಲಿಟ್ಮಸ್ ಕೆಂಪಾಗುತ್ತದೆ. ಅದಕ್ಕೆ ದಾಸವಾಳದ ರಸ ಹಾಕಿದರೆ ನಿಂಬೆಯಲ್ಲಿ ಬಂದ ಗುಲಾಬಿ ಬರದೆ ನೇರಳೆ ಬರುತ್ತದೆ. ಅದೇ ದ್ರಾವಣಕ್ಕೆ ಅರಿಶಿಣದ ಪಟ್ಟಿ ಹಿಡಿಯಿರಿ, ಹಳದಿಯೇ ಉಳಿಯುತ್ತದೆ. ಅನುಮಾನ ಬಂದಾಗ ಬೇರೆ ಜಾತಿಯ ಎರಡನೇ ಸೂಚಕ ಬಳಸುವುದು ಇದಕ್ಕೇ.

ಈ ಗೊಂದಲ ದೊಡ್ಡ ವಿಜ್ಞಾನಿಗಳಿಗೂ ಕಾಡಿದ್ದು. ಕೆಂಪು ಗುಲಾಬಿಗೂ ನೀಲಿ ಕಾರ್ನ್‌ಫ್ಲವರ್ ಹೂವಿಗೂ ವರ್ಣಕ ಒಂದೇ, ಸಯನಿಡಿನ್, ಎಂದು ತೋರಿಸಿದವರು ರಿಚರ್ಡ್ ವಿಲ್‌ಸ್ಟೇಟರ್. ಸಸ್ಯ ವರ್ಣಕಗಳ ಕೆಲಸಕ್ಕೆ 1915ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ನೀಲಿಗೆ ಕಾರಣ ಹೂವಿನ ರಸದ ಪಿಎಚ್ ಎಂದು ಅವರು ಭಾವಿಸಿದ್ದರು. ಆದರೆ ಕಾರ್ನ್‌ಫ್ಲವರ್‌ನಲ್ಲಿ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳ ಸುತ್ತ ವರ್ಣಕ ಜೋಡಣೆಯಾಗಿರುವುದು 2005ರಲ್ಲಿ ಪ್ರಕಟವಾದ ಹರಳು ರಚನೆಯಿಂದ ಸ್ಪಷ್ಟವಾಯಿತು. ಪ್ರದರ್ಶನದ ಚಾರ್ಟಿಗೆ ಇತಿಹಾಸ ಬೇಕಿದ್ದರೆ ಇನ್ನೆರಡು ವರ್ಷ ಬರೆದುಕೊಳ್ಳಿ. ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾಕ ಆಮ್ಲಕ್ಕೆ ಕೆಂಪು, ಕ್ಷಾರಕ್ಕೆ ಹಸಿರು ಆಗುವುದನ್ನು ರಾಬರ್ಟ್ ಬಾಯ್ಲ್ 1664ರ ತಮ್ಮ ಬಣ್ಣಗಳ ಪುಸ್ತಕದಲ್ಲಿ ವಿವರಿಸಿದರು. ಪಿಎಚ್ ಮಾಪಕ ಬಂದದ್ದು 1909ರಲ್ಲಿ, ಡೆನ್ಮಾರ್ಕಿನ ಸೋರೆನ್‌ಸೆನ್ ಅವರಿಂದ.

ಕುಸುಬಿ_ಬಣ್ಣ
ಬಟ್ಟೆಗೆ ಬಣ್ಣ ಹಾಕುವ ಕಡೆಯಿಂದ ಒಂದೆರಡು ಮಾತು. ನಮ್ಮ ಭಾಗದ ಕುಸುಬೆ ಹೂವಿನಲ್ಲಿ ಆಮ್ಲ, ಕ್ಷಾರದ ಆಟ ಬಲು ಚೆನ್ನಾಗಿದೆ. ಅದರಲ್ಲಿ ಹಳದಿ, ಕೆಂಪು ಎರಡು ವರ್ಣಕ. ಹಳದಿ ತಣ್ಣೀರಿನಲ್ಲೇ ಕರಗುತ್ತದೆ. ಕೆಂಪು, ಅಂದರೆ ಕಾರ್ತಮಿನ್, ಬರೀ ನೀರಿನಲ್ಲಿ ಕರಗದು, ಕ್ಷಾರದಲ್ಲಿ ಕರಗುತ್ತದೆ.

50 ಗ್ರಾಂ ಒಣ ಎಸಳನ್ನು ಬಟ್ಟೆ ಗಂಟಿನಲ್ಲಿ ಕಟ್ಟಿ ತಣ್ಣೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ, ನೀರು ಹಳದಿ ಬಿಡುವುದು ನಿಲ್ಲುವವರೆಗೆ. ಇಲ್ಲಿ ಅವಸರ ಮಾಡಿದರೆ ಕೊನೆಯ ಕೆಂಪು ಕಿತ್ತಳೆಯಾಗುತ್ತದೆ. ಆಮೇಲೆ ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಅರ್ಧ ಗಂಟೆ ನೆನೆಹಾಕಿ, ಹಿಂಡಿ. ಕಂದು ಕೆಂಪು ರಸ ಇಳಿಯುತ್ತದೆ. ಬಿಸಿ ಮಾಡಬಾರದು, ಕಾರ್ತಮಿನ್ ಬಿಸಿ ತಾಳುವುದಿಲ್ಲ. ಕ್ಷಾರದಲ್ಲೂ ಬಹಳ ಹೊತ್ತು ಉಳಿಯದು. ಕೂಡಲೇ ಹತ್ತಿ ಬಟ್ಟೆ ಅದ್ದಿ, ನಿಂಬೆರಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕಲಕಿ. ನೊರೆ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ. ನೊರೆ ನಿಲ್ಲುವ ಹೊತ್ತಿಗೆ ರಸ ಕಂದು ಬಿಟ್ಟು ಗುಲಾಬಿ ಕೆಂಪಿಗೆ ತಿರುಗಿ ಬಟ್ಟೆಗೆ ಹತ್ತಲು ಶುರುವಾಗುತ್ತದೆ. ಯಾವ ಹಂತದಲ್ಲಿ ಆಮ್ಲ ಸಾಕು ಎನ್ನಲು ಶಂಖಪುಷ್ಪದ ಪಟ್ಟಿ ಮುಟ್ಟಿಸಿ: ನೇರಳೆ ಛಾಯೆ ಬಂತೆಂದರೆ ಸಾಕು. ಈ ಬಟ್ಟೆಯನ್ನು ಸೋಪಿನಲ್ಲಿ ಒಗೆದರೆ ಬಣ್ಣ ಮತ್ತೆ ಕರಗಿ ಹೋಗುತ್ತದೆ.

ಮುತ್ತಲ ಹೂವೂ ಒಳ್ಳೆಯ ಸೂಚಕ. ಹೋಳಿ ಹೊತ್ತಿಗೆ ಗಿಡದ ತುಂಬ ಇರುತ್ತದೆ. 10 ಗ್ರಾಂ ಒಣ ಹೂ 200 ಮಿ.ಲೀ. ನೀರಿನಲ್ಲಿ 20 ನಿಮಿಷ ಕುದಿಸಿದರೆ ಹಳದಿ ಕಿತ್ತಳೆ. ಚಿಟಿಕೆ ವಾಷಿಂಗ್ ಸೋಡಾಕ್ಕೆ ಗಾಢ ಕೆಂಗಿತ್ತಳೆ, ನಿಂಬೆಗೆ ತಿಳಿ ಹಳದಿ. ಅರಿಶಿಣದಂತೆ ಪ್ರತ್ಯಾಮ್ಲಕ್ಕೆ ಮಾತ್ರ ಉಪಯೋಗ, ಆದರೆ ನೀರಿನಲ್ಲೇ ಕರಗುತ್ತದೆ ಎಂಬ ಅನುಕೂಲ ಇದೆ.

ಇನ್ನು ಕಾಚು, ಸುಣ್ಣ ಸೇರಿದರೆ ಎಲೆ ಅಡಿಕೆ ಕೆಂಪಾಗುತ್ತದಲ್ಲ, ಅದನ್ನು ಸೂಚಕಗಳ ಸಾಲಿಗೆ ಸೇರಿಸಬೇಡಿ. ಅಲ್ಲಿ ಸುಣ್ಣದ ಜೊತೆ ಗಾಳಿಯ ಆಮ್ಲಜನಕ ಸೇರಿ ಪಾಲಿಫಿನಾಲ್‌ಗಳು ಉತ್ಕರ್ಷಣೆಗೊಳ್ಳುತ್ತವೆ. ಆಮ್ಲ ಹಾಕಿದರೂ ಮೊದಲಿನ ಬಣ್ಣಕ್ಕೆ ಮರಳದು.

ಹುಮನಾಬಾದ್_ಲ್ಯಾಬ್
ಬಿದ್ರಿ ಕೆಲಸಕ್ಕೆ ಬಳಸುವ ನವಸಾಗರ (ಅಮೋನಿಯಂ ಕ್ಲೋರೈಡ್) ಬೀದರಿನಲ್ಲಿ ಸುಲಭವಾಗಿ ಸಿಗುವುದರಿಂದ ಅದರದೊಂದು ಪ್ರಯೋಗ ಹೇಳುತ್ತೇನೆ. ನವಸಾಗರದ ದ್ರಾವಣ ಸೌಮ್ಯ ಆಮ್ಲೀಯ, ಪಿಎಚ್ ಐದರ ಹತ್ತಿರ. ಆದರೆ ಕಾಲು ಚಮಚ ನವಸಾಗರ, ಕಾಲು ಚಮಚ ಒಣ ಸುಣ್ಣದ ಪುಡಿ ನಳಿಕೆಯಲ್ಲಿ ಬೆರೆಸಿ ಎರಡು ಹನಿ ನೀರು ಹಾಕಿ, ಒದ್ದೆ ಅರಿಶಿಣದ ಪಟ್ಟಿಯನ್ನು ನಳಿಕೆಯ ಬಾಯಿಯ ಮೇಲೆ ಮುಟ್ಟದಂತೆ ಹಿಡಿಯಿರಿ. ಪಟ್ಟಿ ಗಾಳಿಯಲ್ಲೇ ಕೆಂಪಾಗುತ್ತದೆ, ಅಂಚಿನಿಂದ ನಡುವಿಗೆ ಬಣ್ಣ ಹರಡುವುದು ಕಾಣುತ್ತದೆ. ಹೊರಬಂದ ಅಮೋನಿಯಾ ಪಟ್ಟಿಯ ನೀರಿನಲ್ಲಿ ಕರಗಿದ್ದು ಕಾರಣ. ಪಟ್ಟಿಯನ್ನು ಕಿಟಕಿಯ ಬಳಿ ಬಿಟ್ಟರೆ ಅಮೋನಿಯಾ ಹಾರಿ ಮತ್ತೆ ಹಳದಿ. ಒಣ ಪಟ್ಟಿಯಲ್ಲಿ ಇದು ಸರಿಯಾಗಿ ಆಗದು. ಗಾಳಿಯಾಡುವ ಜಾಗದಲ್ಲಿ ಮಾಡಿ, ಮೂಗು ಹತ್ತಿರ ಒಯ್ಯಬೇಡಿ.

ಸೇಡಂ_ವಿಜ್ಞಾನ
ಒಂದು ವಿಚಿತ್ರ. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿಯ ದ್ರಾವಣದಲ್ಲಿ ಅದ್ದಿ ಒಣಗಿಸಿದ ಅರಿಶಿಣದ ಪಟ್ಟಿ ಕೆಂಗಂದು ಆಗುತ್ತದೆ. ಬೋರಿಕ್ ಆಮ್ಲ ಆಮ್ಲ ತಾನೇ? ಇನ್ನೊಂದು, ಅಂಗಡಿಯ ಬಿಡಿ ಅರಿಶಿಣ ಪುಡಿಯೊಂದು ಟಾಯ್ಲೆಟ್ ತೊಳೆಯುವ ಆಸಿಡ್ಡಿಗೆ ಗುಲಾಬಿ ಆಗುತ್ತಿದೆ.

ಹುಮನಾಬಾದ್_ಲ್ಯಾಬ್
ಬೋರಿಕ್ ಆಮ್ಲದ ಕೆಂಪು ಬೇರೆಯೇ ವಸ್ತು. ಬೋರಾನ್ ಎರಡು ಕರ್ಕ್ಯುಮಿನ್ ಅಣುಗಳನ್ನು ಕಟ್ಟಿ ಹೊಸ ಸಂಯುಕ್ತ ಮಾಡುತ್ತದೆ, ಒಣಗುವಾಗ. ಗುರುತಿಸುವ ದಾರಿ ಸುಲಭ. ಪ್ರತ್ಯಾಮ್ಲದಿಂದಾದ ಕೆಂಪಿಗೆ ನಿಂಬೆ ಹನಿ ಬಿದ್ದರೆ ಹಳದಿ, ಬೋರಾನಿನ ಕೆಂಪು ನಿಂಬೆಗೆ ಜಗ್ಗುವುದಿಲ್ಲ. ಅದರ ಮೇಲೆ ವಾಷಿಂಗ್ ಸೋಡಾ ಹನಿ ಬಿಟ್ಟರೆ ಹಸಿರು ಮಿಶ್ರಿತ ಕಪ್ಪು ಬರುತ್ತದೆ. ಬಿಳಿಗಾರದಲ್ಲೂ ಬೋರಾನ್ ಇದೆ, ಹೀಗಾಗಿ ಅದು ಮುಟ್ಟಿದ ಅರಿಶಿಣ ಪಟ್ಟಿಯನ್ನು ಎರಡನೇ ಸಲ ಬಳಸಬೇಡಿ.

ಗುಲಾಬಿ ಆದ ಪುಡಿಯಲ್ಲಿ ಮೆಟಾನಿಲ್ ಯೆಲ್ಲೋ ಎಂಬ ಕೃತಕ ಬಣ್ಣ ಬೆರೆತಿರುವ ಶಂಕೆ ಬರುತ್ತದೆ. ಅದೂ ಒಂದು ಸೂಚಕವೇ, ಪಿಎಚ್ 1.2ರಿಂದ 2.3ರ ನಡುವೆ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಶುದ್ಧ ಅರಿಶಿಣವೂ ಗಟ್ಟಿ ಆಮ್ಲದಲ್ಲಿ ಕೆಂಪು ತೋರಿಸಬಹುದು, ಆದರೆ ನೀರು ಬೆರೆಸಿದಾಗ ಅದು ಹೋಗುತ್ತದೆ. ನೀರು ಬೆರೆಸಿದರೂ ಗುಲಾಬಿ ನಿಂತರೆ ಆ ಪುಡಿಯನ್ನು ಅಡುಗೆಗೂ ಬಳಸಬಾರದು, ಆಹಾರ ಪರೀಕ್ಷೆಗೆ ಕೊಡಿ. ಇನ್ನು ಈ ಆಸಿಡ್ ಕೆಲಸ ಶಿಕ್ಷಕರೇ ಮಾಡಲಿ, ಮಕ್ಕಳ ಕೈಗೆ ಬೇಡ. ಬ್ಲೀಚಿಂಗ್ ಪೌಡರ್ ಇರುವ ಕಡೆ ಆಸಿಡ್ ತೆರೆಯಬೇಡಿ, ಎರಡೂ ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ.

ಯರೆಭೂಮಿ
ಹಿಂಗಾರಿ ಕಡ್ಲಿ ಹೊಲ ಹತ್ರ ಇದ್ರ ಮಕ್ಕಳ್ನ ಮುಂಜಾನೆ ಕರ್ಕೊಂಡು ಹೋಗ್ರಿ. ಕಡ್ಲಿ ಎಲಿ ಮ್ಯಾಲಿನ ಸಣ್ಣ ಕೂದಲಿನ ತುದಿಗೆ ಹುಳಿ ಹನಿ ಇರ್ತದ, ಮ್ಯಾಲಿಕ್, ಆಕ್ಸಾಲಿಕ್ ಆಮ್ಲ. ರಾತ್ರಿ ಬಿಳಿ ಬಟ್ಟಿ ಹಾಸಿ ಇಬ್ಬನಿ ಜೋಡಿ ಹಿಂಡ್ಕೊಳ್ಳೋ ಕಡ್ಲಿ ಹುಳಿ ಇದೇ. ಶಂಖಪುಷ್ಪದ ಪಟ್ಟಿನ ಎಲಿ ಮ್ಯಾಲ ಒತ್ತಿ ತೆಗೀರಿ. ನೀಲಿ ಪಟ್ಟಿ ಮ್ಯಾಲ ಚುಕ್ಕಿ ಚುಕ್ಕಿ ಗುಲಾಬಿ ಬರ್ತದ, ಕೂದಲು ಎಲ್ಲೆಲ್ಲಿ ಅದ ಅಲ್ಲೆಲ್ಲಾ. ಬಿಸಿಲು ಏರಿ ಇಬ್ಬನಿ ಆರಿದ ಮ್ಯಾಲ ಪಟ್ಟಿನ ಸ್ವಲ್ಪ ತೋಯಿಸಿ ಒತ್ತಬೇಕು. ಔಷಧ ಹೊಡೆದ ಹೊಲಕ್ಕ ಹೋಗಬ್ಯಾಡ್ರಿ.

ಸುರಪುರ_ಹೈಸ್ಕೂಲ್
ನಮ್ಮ ತರಗತಿಯಲ್ಲಿ ದೃಷ್ಟಿದೋಷ ಇರುವ ಇಬ್ಬರು ಮಕ್ಕಳಿದ್ದಾರೆ. ಬಣ್ಣ ಬಿಟ್ಟು ಬೇರೆ ದಾರಿ ಇದೆಯೇ?

ಬೀದರ್_ರಸಾಯನ
ಇದೆ ಸರ್, ಉಳ್ಳಾಗಡ್ಡಿ. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯ ಜೊತೆ ಹತ್ತಿ ಬಟ್ಟೆ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಒಂದು ತುಂಡಿಗೆ ತೆಳು ಮಾಡಿದ ಆಮ್ಲ, ಇನ್ನೊಂದಕ್ಕೆ ತೆಳು ಸೋಡಿಯಂ ಹೈಡ್ರಾಕ್ಸೈಡ್ ಒಂದೆರಡು ಹನಿ. ಅದು ಇಲ್ಲದಿದ್ದರೆ ಗಟ್ಟಿ ವಾಷಿಂಗ್ ಸೋಡಾ ದ್ರಾವಣ, ಪರಿಣಾಮ ಸ್ವಲ್ಪ ಮಂದ. ನೀರಿನಲ್ಲಿ ಚೆನ್ನಾಗಿ ಜಾಲಾಡಿ ಆಮೇಲೆ ಮೂಸಲು ಕೊಡಿ. ಆಮ್ಲದ್ದಕ್ಕೆ ವಾಸನೆ ಉಳಿದಿರುತ್ತದೆ, ಪ್ರತ್ಯಾಮ್ಲದ್ದಕ್ಕೆ ಹೋಗಿರುತ್ತದೆ ಅಥವಾ ತೀರಾ ಕಡಿಮೆಯಾಗಿರುತ್ತದೆ. ಹೋಲಿಸಲು ಬರೀ ನೀರು ಹಾಕಿ ಜಾಲಾಡಿದ ಮೂರನೇ ತುಂಡು ಇರಲಿ. ಲವಂಗದ ಎಣ್ಣೆಯಲ್ಲೂ ಆಗುತ್ತದೆ. ಅದರ ಯೂಜಿನಾಲ್ ಪ್ರತ್ಯಾಮ್ಲದ ಜೊತೆ ಲವಣವಾಗಿ, ಹಾರುವ ಗುಣ ಕಳೆದುಕೊಂಡು ವಾಸನೆ ನಿಲ್ಲುತ್ತದೆ. ಮೂಸುವ ಮೊದಲು ಜಾಲಾಡಿದ್ದು ಸರಿಯಾಗಿದೆಯೇ ಎಂದು ನೀವೇ ಬಟ್ಟೆಗೆ ಅರಿಶಿಣದ ಪಟ್ಟಿ ಮುಟ್ಟಿಸಿ ನೋಡಿ. ಹಳದಿ ಉಳಿದರೆ ಮಾತ್ರ ಮಕ್ಕಳ ಕೈಗೆ ಕೊಡಿ.